ತಿಳಿಯಹೇಳುವ ಭಾಷಣಕ್ಕೆ ಅಂಕವಿಡುವ ಬಗೆ

ಮಳೆಗಾಲವು ಮುಗಿಯುತ್ತ ಬಂದಿತೆಂದರೆ ನಮ್ಮ ಮಂಗಳೂರಿನ ಶಾಲೆಗಳಲ್ಲಿ ಭಾಷಣಸ್ಪರ್ಧೆಗಳ ಸುಗ್ಗಿ. ಅಧ್ಯಾಪಕವೃತ್ತಿಯಿಂದ ನಿವೃತ್ತರಾದ ನಮ್ಮಂತಹವರಿಗೆ ಆಗ ತೀರ್ಪುಗಾರರ ಕುರ್ಚಿಯೊಂದು ತಪ್ಪದೆ ದೊರೆಯುವುದು. ಜೊತೆಗೆ ಒಂದು ಲೋಟ ಚಹವೂ ಉಂಟು. ಆ ಕುರ್ಚಿಯಲ್ಲಿ ಕುಳಿತು ನಾವು ಮಾಡಿದ ಒಂದು ಪ್ರಮಾದವನ್ನು ವಾಚಕರ ಮುಂದಿಡಬೇಕೆಂದು ಬಹುದಿನಗಳಿಂದ ಯೋಚಿಸುತ್ತಿದ್ದೆವು.

ಕೆಲವು ವರ್ಷಗಳ ಹಿಂದಿನ ಮಾತು. ಇಲ್ಲಿಯ ಒಂದು ಪ್ರೌಢಶಾಲೆಯಲ್ಲಿ, ನಮ್ಮ ಊರಿನ ಯಾವುದಾದರೊಂದು ಸಂಗತಿಯನ್ನು ಸಭೆಗೆ ತಿಳಿಯಹೇಳಬೇಕೆಂದು ಮಕ್ಕಳಿಗೆ ವಿಧಿಸಿದ್ದರು. ಪಕ್ಷ ಹಿಡಿದು ವಾದಿಸುವ ಚರ್ಚೆಯಲ್ಲ. ಕೇಳುವವನಿಗೆ ಅರಿಯದುದನ್ನು ಅರಿಯುವಂತೆ ಮಾಡುವುದಷ್ಟೇ ಕೆಲಸ. ಒಬ್ಬ ಹುಡುಗನು ‘ಮಂಗಳೂರ ಸಮಾಚಾರ’ ಪತ್ರಿಕೆಯ ವಿಷಯವಾಗಿ ಮಾತನಾಡಿದನು. ಶಂಖದಂತಹ ಕಂಠ, ನಿಲುವು ರಾಜಕುಮಾರನದು. ೧೮೪೩ರಲ್ಲಿ ಕಿಟ್ಟೆಲರು ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದರೆಂದು ಅವನು ಕೈಯೆತ್ತಿ ಹೇಳಿದಾಗ ಸಭೆಯು ಚಪ್ಪಾಳೆ ತಟ್ಟಿತು. ನಾವೂ ತಟ್ಟಿದೆವು.

ಅವನ ಅನಂತರ ಬಂದವಳು ಸಣ್ಣ ಹುಡುಗಿ. ಧ್ವನಿ ನಡುಗುತ್ತಿತ್ತು, ಎರಡು ಬಾರಿ ತಡವರಿಸಿದಳು. ಆದರೆ ಮೇಜಿನ ಮೇಲೆ ಎರಡು ಮಂಗಳೂರು ಹಂಚುಗಳನ್ನಿಟ್ಟು, ಒಂದರ ಅಂಚಿನ ಏಣು ಇನ್ನೊಂದರ ತೋಡಿನಲ್ಲಿ ಹೇಗೆ ಕುಳಿತುಕೊಳ್ಳುವುದೆಂದು ತೋರಿಸಿದಳು. ಅಡಿಯಲ್ಲಿರುವ ಉಬ್ಬು ರೀಪಿಗೆ ಸಿಕ್ಕಿಕೊಳ್ಳುವುದರಿಂದ ಇಳಿಜಾರಿನಲ್ಲಿಯೂ ಹಂಚು ಜಾರದು. ಅರೆಕೊಳವೆಯಂತಹ ಹಿಂದಿನ ನಾಡಹಂಚನ್ನಾದರೋ ಒಂದರ ಮೇಲೊಂದು ಒತ್ತಾಗಿ ಹೊದಿಸಬೇಕಾಗಿದ್ದುದರಿಂದ ಮಾಡಿಗೆ ಭಾರ ಹೆಚ್ಚು. ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಎಂಬವರು ೧೮೬೫ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆಯನ್ನು ತೆರೆದುದು ನೇತ್ರಾವತಿಯ ಜೇಡಿಮಣ್ಣು ಅಲ್ಲಿ ಕೈಗೆಟಕುವಂತಿದ್ದುದರಿಂದ ಎಂದಳು. ಗಂಟೆ ಬಾರಿಸುವ ಮೊದಲೇ ಮುಗಿಸಿ ಇಳಿದುಹೋದಳು. ಚಪ್ಪಾಳೆ ಅಷ್ಟಕ್ಕಷ್ಟೆ.

ನಮಗೆ ಕೊಟ್ಟ ಹಾಳೆಯಲ್ಲಿ ಧ್ವನಿಗೆ ೨೫, ಹಾವಭಾವಕ್ಕೆ ೨೫, ಭಾಷೆಗೆ ೨೫, ವಿಷಯಕ್ಕೆ ೨೫ ಅಂಕಗಳಿದ್ದವು. ಕೂಡಿಸಿದಾಗ ಹುಡುಗನಿಗೆ ಪ್ರಥಮ ಬಹುಮಾನ. ಹುಡುಗಿಗೆ ಯಾವುದೂ ಇಲ್ಲ.

ಆ ರಾತ್ರಿ ಊಟಕ್ಕೆ ಕುಳಿತಾಗ ನಮ್ಮ ಮನೆಯಾಕೆ, “ಇವತ್ತು ಏನೇನು ಕೇಳಿಕೊಂಡು ಬಂದಿರಿ?” ಎಂದಳು. ಹಂಚಿನ ಸಮಾಚಾರವನ್ನು ನಾವು ಆದ್ಯಂತವಾಗಿ ಹೇಳಿದೆವು. ಆಕೆ ಅನ್ನ ಬಡಿಸುವುದನ್ನೂ ಮರೆತು ಮಾಡಿನ ಕಡೆಗೆ ನೋಡಿದಳು. ಬಹುಮಾನಿತನ ಭಾಷಣದಿಂದ ಹೇಳಲು ಹೊರಟಾಗ ‘ಎಂತಹ ಕಂಠ!’ ಎಂಬುದಲ್ಲದೆ ಬೇರೇನೂ ಒದಗಲಿಲ್ಲ. ಕಿಟ್ಟೆಲರ ಹೆಸರು ಬಾಯಿಗೆ ಬಂದೊಡನೆ ತುತ್ತು ಅಲ್ಲಿಯೇ ನಿಂತಿತು. ಕಿಟ್ಟೆಲರು ಹುಟ್ಟಿದುದು ೧೮೩೨ರಲ್ಲಿ. ಪತ್ರಿಕೆ ಹೊರಟಾಗ ಅವರು ಜರ್ಮನಿಯಲ್ಲಿ ಹನ್ನೊಂದು ವರ್ಷದ ಬಾಲಕ! ಇಂಡಿಯಕ್ಕೆ ಬಂದುದೇ ೧೮೫೩ರಲ್ಲಿ. ಪತ್ರಿಕೆಯನ್ನು ಹೊರಡಿಸಿದವರು ಹರ್ಮನ್ ಮೋಗ್ಲಿಂಗರು. ಕಿಟ್ಟೆಲರ ಕೀರ್ತಿಯಾದರೋ ೧೮೯೪ರಲ್ಲಿ ಇಲ್ಲಿಯೇ ಅಚ್ಚಾದ ನಿಘಂಟಿನದು. ಇದನ್ನು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದ ನಾವೇ ಚಪ್ಪಾಳೆ ತಟ್ಟಿ ಬಂದಿದ್ದೆವು.

ಈ ಮರುಳು ನಮಗೊಬ್ಬರಿಗೇ ಅಲ್ಲವೆಂದು ತೋರುತ್ತದೆ. ತುಳುನಾಡಿನವರ ಕಿವಿ ತಾಳಮದ್ದಳೆಯಲ್ಲಿ ಪಳಗಿದುದು. ವೇಷವಿಲ್ಲದೆ ಕುಳಿತು ಬರಿಯ ಮಾತಿನಿಂದಲೇ ಅರ್ಥಧಾರಿಯು ಕೃಷ್ಣನೂ ಕೌರವನೂ ಆಗುವನು; ಅಲ್ಲಿ ಅತಿಶಯೋಕ್ತಿಯೇ ರಸ. ಅದೇ ಕಿವಿಯನ್ನು ತಿಳಿಯಹೇಳುವ ಭಾಷಣಕ್ಕೆ ಕೊಂಡೊಯ್ದರೆ ರಸವು ಸತ್ಯವನ್ನು ನುಂಗುವುದು.

ನ್ಯಾಯಸೂತ್ರದ ಕೊನೆಯ ಅಧ್ಯಾಯದಲ್ಲಿ ಇಪ್ಪತ್ತೆರಡು ನಿಗ್ರಹಸ್ಥಾನಗಳು, ಎಂದರೆ ವಾದದಲ್ಲಿ ಸೋಲಿಗೆ ಕಾರಣವಾಗುವ ದೋಷಗಳು, ಹೇಳಲ್ಪಟ್ಟಿವೆ. ವಾದಕ್ಕಾಗಿ ಹುಟ್ಟಿದುವಾದರೂ ಎರಡನ್ನು ನಾವು ಈಗ ಸ್ಪರ್ಧೆಗಳಿಗೆ ಒಯ್ಯುತ್ತೇವೆ. ಪ್ರಕೃತಕ್ಕೆ ಸಂಬಂಧವಿಲ್ಲದುದನ್ನು ಹೇಳುವುದು ಅರ್ಥಾಂತರ. ಮೂರು ಬಾರಿ ಹೇಳಿದರೂ ಸಭೆಗೆ ತಿಳಿಯದಿರುವುದು ಅವಿಜ್ಞಾತಾರ್ಥ. ಕಬ್ಬಿಣದ ಕಡಲೆಯಂತಹ ಶಬ್ದಗಳನ್ನು ಬಾಯಿಪಾಠ ಮಾಡಿಸಿ ಕಳುಹಿಸುವ ತಂದೆತಾಯಿಗಳು ಈ ಎರಡನೆಯದನ್ನು ಗಮನಿಸಬೇಕು. (ಸಂಸ್ಕೃತ ಓದಿದ ಅಧ್ಯಾಪಕರೂ ಗಮನಿಸಬೇಕೆಂದು ಮನೆಯಾಕೆಯ ಅಭಿಪ್ರಾಯ.) ಮೊಬೈಲ್ ಫೋನಿನಿಂದ ಇಳಿಸಿಕೊಂಡ ಪುಟವನ್ನು ಒಪ್ಪಿಸುವ ಮಗುವನ್ನು ಒಂದೇ ಒಂದು ಪ್ರಶ್ನೆ ಕೇಳಿದರೆ ಸಾಕು, ನಿಜಸ್ಥಿತಿ ಹೊರಬೀಳುವುದು.

ಅಮೆರಿಕೆಯಲ್ಲಿ ೧೯೨೫ರಲ್ಲಿ ಸ್ಥಾಪಿತವಾಗಿ ಈಗ ನ್ಯಾಷನಲ್ ಸ್ಪೀಚ್ ಅಂಡ್ ಡಿಬೇಟ್ ಅಸೋಸಿಯೇಶನ್ ಎನಿಸಿಕೊಂಡಿರುವ ಸಂಸ್ಥೆಯು ಶಾಲಾಮಕ್ಕಳ ಇಂತಹ ಭಾಷಣಕ್ಕೆ ಪ್ರತ್ಯೇಕ ವಿಭಾಗವನ್ನೇ ಇಟ್ಟಿದೆ. ಹತ್ತು ನಿಮಿಷಗಳ ಮಿತಿ. ಬರೆಹವು ವಿದ್ಯಾರ್ಥಿಯದೇ ಆಗಿರಬೇಕು. ಚಿತ್ರ, ವಸ್ತುಗಳನ್ನು ತೋರಿಸಬಹುದು, ತೋರಿಸಲೇಬೇಕೆಂದಿಲ್ಲ. ಹಂಚು ತಂದ ಹುಡುಗಿಗೆ ಈ ನಿಯಮಗಳನ್ನು ಯಾರೂ ಕಲಿಸಿರಲಿಲ್ಲ.

ಈಗ ಯಾರಾದರೂ ಕರೆದರೆ, ಅಂಕಗಳಲ್ಲಿ ಅರ್ಧವನ್ನಾದರೂ ವಿಷಯಕ್ಕೆ ಮೀಸಲಿಟ್ಟರೆ ಬರುವೆವೆಂದು ಮೊದಲೇ ತಿಳಿಸುತ್ತೇವೆ. ಪ್ರತಿಯೊಂದು ಭಾಷಣವಾದೊಡನೆ, ಅದರಿಂದ ನಾವು ಕಲಿತುದನ್ನು ಒಂದು ಸಾಲಿನಲ್ಲಿ ಬರೆದುಕೊಂಡ ಮೇಲೆಯೇ ಅಂಕವಿಡುತ್ತೇವೆ. ಸಾಲು ಬರಿದಾಗಿ ಉಳಿದರೆ ಕಂಠವು ಎಷ್ಟು ಇಂಪಾಗಿದ್ದರೂ ನಿರುಪಾಯ.

ಅಂದಿನ ತೀರ್ಪನ್ನು ತಿದ್ದಲು ಮರುದಿನವೇ ಹೋದೆವು. ಬಹುಮಾನ ಹಂಚಿ ಆಗಿತ್ತು. ಹುಡುಗನಿಂದ ಕಿತ್ತುಕೊಳ್ಳುವುದು ನಮಗೂ ಸರಿದೋರಲಿಲ್ಲ. ಆ ಹುಡುಗಿಗೆ ಒಂದು ಕಾಗದವನ್ನು ಬರೆದು, ಅವಳ ಭಾಷಣವೇ ಶ್ರೇಷ್ಠವಾದುದೆಂದೂ ತಪ್ಪು ನಮ್ಮದೆಂದೂ ಒಪ್ಪಿಕೊಂಡು, ಅವಳು ಹೇಳಿದ ಸಂಗತಿಗಳನ್ನು ನೆನಪಿನಿಂದ ಬರೆದು ಮೆಚ್ಚುಗೆ ಸೂಚಿಸಿದೆವು. ವಾರದೊಳಗೆ ಉತ್ತರ ಬಂತು. ನಮಸ್ಕಾರಗಳನ್ನು ತಿಳಿಸಿ ಅವಳು ಬರೆದಿದ್ದಳು: “ಮಾಸ್ಟ್ರೇ, ಕಾರ್ಖಾನೆ ಶುರುವಾದದ್ದು ೧೮೬೫ರಲ್ಲಿ. ತಾವು ೧೮೫೬ ಎಂದು ಬರೆದಿದ್ದೀರಿ.”