ಕಿರು ಅರಣ್ಯ ಉತ್ಪನ್ನಗಳ ಸಂಗ್ರಹ ಮತ್ತು ಮಾರಾಟ: ಚಾಮರಾಜನಗರ ಜಿಲ್ಲೆಯ ರೈತರಿಗೆ ಹಾಗೂ ವಿಸ್ತರಣಾ ಕಾರ್ಯಕರ್ತರಿಗೆ ತಿಳಿವಳಿಕೆ

ಉಮ್ಮತ್ತೂರಿನ ಹೊಲಗಳ ಬದುವಿನ ಮೇಲೆ ನಿಂತು ಪೂರ್ವಕ್ಕೆ ನೋಡಿದರೆ ಬಿಳಿಗಿರಿರಂಗನ ಬೆಟ್ಟದ ಸಾಲು ಕಾಣುತ್ತದೆ. ಬೆಟ್ಟದ ಮೇಲೆ ಕಾಡಿನ ನೆಲ್ಲಿ, ಕೆಳಗೆ ರೈತರ ಹೊಲದ ನೆಲ್ಲಿ. ಮಾರುಕಟ್ಟೆಯಲ್ಲಿ ಚೀಲಕ್ಕೆ ಬಿದ್ದ ಮೇಲೆ ಎರಡನ್ನೂ ಬೇರ್ಪಡಿಸಿ ಗುರುತಿಸುವುದು ಸುಲಭವಲ್ಲ. ಆದರೆ ಕಾನೂನಿನ ದೃಷ್ಟಿಯಲ್ಲಿ ಅವೆರಡೂ ಬೇರೆ ಬೇರೆ ಸರಕುಗಳು. ಕೆಲವು ವರ್ಷಗಳ ಹಿಂದೆ ಒಣ ಬೇಸಾಯದ ತರಬೇತಿಯೊಂದರಲ್ಲಿ ಈ ಭಾಗದ ರೈತರೊಬ್ಬರು ಎದ್ದು ನಿಂತು, "ನನ್ನ ಹೊಲದ ನೆಲ್ಲಿಕಾಯಿಗೂ ಪಾಸ್ ಬೇಕಾ ಸಾರ್?" ಎಂದು ಕೇಳಿದರು. ಸಭೆಯಲ್ಲಿದ್ದ ವಿಸ್ತರಣಾ ಕಾರ್ಯಕರ್ತರಲ್ಲಿ ಇಬ್ಬರು ಬೇಕು ಎಂದರು, ಮೂವರು ಬೇಡ ಎಂದರು. ಈ ಗೊಂದಲವನ್ನು ಬಗೆಹರಿಸುವುದು ಪ್ರಸ್ತುತ ಲೇಖನದ ಒಂದು ಉದ್ದೇಶ. ಕಾಡಿನ ಉತ್ಪನ್ನವನ್ನು ಸಂಗ್ರಹಿಸಿ ಬದುಕುವ ಸೋಲಿಗ, ಜೇನುಕುರುಬ ಮೊದಲಾದ ಸಮುದಾಯಗಳ ಹಕ್ಕು ಏನು, ಅವರಿಗೆ ದೊರೆಯುವ ಬೆಲೆ ಎಷ್ಟು ಎಂಬುದನ್ನು ವಿವರಿಸುವುದು ಇನ್ನೊಂದು ಉದ್ದೇಶ.

ಹೊಲದ ಫಲ, ಕಾಡಿನ ಫಲ

1927ರ ಭಾರತೀಯ ಅರಣ್ಯ ಕಾಯ್ದೆಯು ಅರಣ್ಯ ಉತ್ಪನ್ನವನ್ನು ಎರಡು ಬಗೆಯಾಗಿ ವಿಂಗಡಿಸುತ್ತದೆ. ಮರದ ದಿಮ್ಮಿ, ಇದ್ದಿಲು, ತೊಗಟೆ, ರಾಳ, ಅರಗು, ಅಳಲೆಕಾಯಿ ಮುಂತಾದವು ಎಲ್ಲಿಂದ ಬಂದರೂ ಅರಣ್ಯ ಉತ್ಪನ್ನಗಳೇ. ಎಲೆ, ಹೂವು, ಹಣ್ಣು, ಜೇನು, ಮೇಣ ಮೊದಲಾದವು ಅರಣ್ಯದಲ್ಲಿ ದೊರೆತಾಗ ಅಥವಾ ಅರಣ್ಯದಿಂದ ತಂದಾಗ ಮಾತ್ರ ಅರಣ್ಯ ಉತ್ಪನ್ನವೆನಿಸುತ್ತವೆ. 1963ರ ಕರ್ನಾಟಕ ಅರಣ್ಯ ಕಾಯ್ದೆಯೂ ಇದೇ ಅಚ್ಚಿನಲ್ಲಿ ರೂಪುಗೊಂಡಿದೆ. ಆದ್ದರಿಂದ ಸ್ವಂತ ಹಿಡುವಳಿಯಲ್ಲಿ ಬೆಳೆದ ನೆಲ್ಲಿ, ಹುಣಸೆ, ಸೀಗೆ ಹಾಗೂ ಪೆಟ್ಟಿಗೆಯಲ್ಲಿ ಸಾಕಿದ ತುಡುವೆ ಜೇನಿನ ತುಪ್ಪ ರೈತರ ಕೃಷಿ ಉತ್ಪನ್ನಗಳು. ತೊಂದರೆ ಇರುವುದು ಅದನ್ನು ರುಜುವಾತುಪಡಿಸುವಲ್ಲಿ. ಕಾಡಂಚಿನ ರಸ್ತೆಯಲ್ಲಿ ವಾಹನ ತಡೆದ ಸಿಬ್ಬಂದಿಗೆ ಚೀಲದೊಳಗಿನ ಕಾಯಿ ಯಾವ ಮರದ್ದೆಂದು ತಿಳಿಯುವುದಿಲ್ಲ. ಹೀಗಾಗಿ ನೆಲ್ಲಿ ಅಥವಾ ಹುಣಸೆ ಬೆಳೆದವರು ಬೆಳೆ ಸಮೀಕ್ಷೆಯ ಕಾಲದಲ್ಲಿ ಆ ಮರಗಳನ್ನು ಪಹಣಿಯಲ್ಲಿ ತಪ್ಪದೆ ದಾಖಲಿಸಿಕೊಳ್ಳಬೇಕು. ಸಾಗಣೆಯ ವೇಳೆ ಪಹಣಿಯ ಪ್ರತಿ ಮತ್ತು ಖರೀದಿದಾರರ ಚೀಟಿ ಜೊತೆಯಲ್ಲಿರಲಿ. ಬದುವಿನಲ್ಲಿ ನಾಲ್ಕೇ ಮರಗಳಿದ್ದರೆ ಯಾರೂ ದಾಖಲಿಸುವುದಿಲ್ಲ. ಅಂಥವರೇ ಹೆಚ್ಚು ತೊಂದರೆಗೆ ಒಳಗಾಗುತ್ತಾರೆ.

ಫಲ ಕೊಯ್ಯುವುದು ಬೇರೆ, ಮರ ಕಡಿಯುವುದು ಬೇರೆ. ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ನಿಯಮಗಳು ಅನ್ವಯಿಸುತ್ತವೆ. ಶ್ರೀಗಂಧಕ್ಕೆ ಪ್ರತ್ಯೇಕ ನಿಯಮಗಳಿದ್ದು, ಅದನ್ನು ಇಲ್ಲಿ ಚರ್ಚಿಸುತ್ತಿಲ್ಲ.

ಕಾಡಿನ ಉತ್ಪನ್ನದ ವ್ಯಾಪಾರ ಸಾಗಿಬಂದ ದಾರಿ

ಬಿಳಿಗಿರಿ ಮತ್ತು ಮಲೆ ಮಹದೇಶ್ವರ ಬೆಟ್ಟದ ಕಾಡುಗಳಿಂದ ನೆಲ್ಲಿ, ಹೆಜ್ಜೇನು, ಸೀಗೆಕಾಯಿ, ಅಂಟುವಾಳ, ಅಳಲೆ, ಮಾಗಳಿ ಬೇರು ಹಾಗೂ ಮಸಾಲೆಗೆ ಬಳಸುವ ಕಲ್ಲುಹೂವು ಬಹು ಕಾಲದಿಂದ ಮಾರುಕಟ್ಟೆಗೆ ಬರುತ್ತಿವೆ. ಮೊದಲಿಗೆ ಈ ಸಂಗ್ರಹದ ಹಕ್ಕನ್ನು ಹರಾಜಿನಲ್ಲಿ ಖಾಸಗಿ ಗುತ್ತಿಗೆದಾರರು ಪಡೆಯುತ್ತಿದ್ದರು. ಕಾಡಿನಲ್ಲಿ ದುಡಿಯುವವನಿಗೆ ಕೂಲಿ ಮಾತ್ರ ದೊರೆಯುತ್ತಿತ್ತು. ಈ ಸ್ಥಿತಿಯನ್ನು ತಪ್ಪಿಸಲು ಗಿರಿಜನರ ವಿವಿಧೋದ್ದೇಶ ಸಹಕಾರ ಸಂಘಗಳು, ಅಂದರೆ ಎಲ್ಲರೂ ಲ್ಯಾಂಪ್ಸ್ ಎಂದು ಕರೆಯುವ ಸಂಘಗಳು, ಸ್ಥಾಪನೆಯಾದವು. ಅರಣ್ಯ ಇಲಾಖೆಯು ಸಂಗ್ರಹದ ಹಕ್ಕನ್ನು ಸಂಘಕ್ಕೆ ನೀಡುವುದು, ಸಂಘವು ಇಲಾಖೆಗೆ ರಾಜಧನ ಕಟ್ಟುವುದು, ಸದಸ್ಯರು ತಂದ ಸರಕಿಗೆ ಕಿಲೋ ಲೆಕ್ಕದಲ್ಲಿ ಹಣ ಕೊಡುವುದು, ಒಟ್ಟು ಸರಕನ್ನು ಟೆಂಡರ್ ಮೂಲಕ ವ್ಯಾಪಾರಿಗೆ ಮಾರುವುದು: ಇದು ಆ ವ್ಯವಸ್ಥೆಯ ಸ್ವರೂಪ. ಗುತ್ತಿಗೆದಾರರ ಕಾಲಕ್ಕೆ ಹೋಲಿಸಿದರೆ ಇದು ನಿಸ್ಸಂದೇಹವಾಗಿ ಸುಧಾರಣೆ. ಆದರೆ ಸಂಗ್ರಹಿಸಿದವನು ಸರಕಿನ ಒಡೆಯನಾಗಲಿಲ್ಲ. ಟೆಂಡರ್‌ನಲ್ಲಿ ಬಂದ ಬೆಲೆ ಎಷ್ಟೆಂದು ಪೋಡಿನ ಜನರಿಗೆ ತಿಳಿಯುವ ಹೊತ್ತಿಗೆ ಹಂಗಾಮು ಮುಗಿದಿರುತ್ತಿತ್ತು.

1990ರ ದಶಕದಲ್ಲಿ ಬಿಳಿಗಿರಿಯ ಕೆಲವು ಪೋಡುಗಳಲ್ಲಿ ನಡೆದ ಅಧ್ಯಯನಗಳು ಸೋಲಿಗ ಕುಟುಂಬಗಳ ನಗದು ಆದಾಯದ ಸರಿಸುಮಾರು ಅರ್ಧ ಭಾಗ ಈ ಉತ್ಪನ್ನಗಳಿಂದಲೇ ಬರುತ್ತಿತ್ತೆಂದು ತೋರಿಸಿದವು. ಈ ಹಿನ್ನೆಲೆಯಲ್ಲಿ ಮುಂದಿನ ಬೆಳವಣಿಗೆಯ ತೀವ್ರತೆ ಅರ್ಥವಾಗುತ್ತದೆ. 1974ರಲ್ಲಿ ವನ್ಯಜೀವಿ ಧಾಮವೆಂದು ಘೋಷಿತವಾಗಿ, 1987ರಲ್ಲಿ ಸುಮಾರು 540 ಚದರ ಕಿಲೋಮೀಟರಿಗೆ ವಿಸ್ತರಣೆಗೊಂಡಿದ್ದ ಈ ಕಾಡಿಗೆ, 2003ರ ಏಪ್ರಿಲ್ 1ರಿಂದ ಜಾರಿಗೆ ಬಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತಿದ್ದುಪಡಿ ಅನ್ವಯವಾಯಿತು. ತಿದ್ದುಪಡಿಯಾದ 29ನೇ ಕಲಮಿನ ಪ್ರಕಾರ ಧಾಮದಿಂದ ತೆಗೆದ ಉತ್ಪನ್ನವನ್ನು ಅಲ್ಲಿನ ನಿವಾಸಿಗಳು ಸ್ವಂತ ಅಗತ್ಯಕ್ಕೆ ಬಳಸಬಹುದೇ ಹೊರತು ಮಾರುವಂತಿಲ್ಲ. ನಂತರದ ವರ್ಷಗಳಲ್ಲಿ ಮಾರಾಟಕ್ಕಾಗಿ ಸಂಗ್ರಹಿಸುವುದು ನಿಂತಿತು. ಬೇರೆ ಜಮೀನಾಗಲಿ ನೀರಾವರಿಯಾಗಲಿ ಇಲ್ಲದ ಕುಟುಂಬಗಳು ಕಾಫಿ ತೋಟದ ಕೂಲಿಗೆ ಮತ್ತು ದೂರದ ಊರುಗಳಿಗೆ ಹೊರಟವು.

ಅರಣ್ಯ ಹಕ್ಕು ಕಾಯ್ದೆ ಏನು ಹೇಳುತ್ತದೆ

2006ರ ಅರಣ್ಯ ಹಕ್ಕು ಕಾಯ್ದೆಯು ಈ ಚಿತ್ರವನ್ನು ಬದಲಿಸಿತು. ಅದರ 3(1)(ಸಿ) ಉಪಕಲಮು ಪರಂಪರೆಯಿಂದ ಸಂಗ್ರಹಿಸಿಕೊಂಡು ಬಂದ ಕಿರು ಅರಣ್ಯ ಉತ್ಪನ್ನಗಳ ಮೇಲೆ ಅರಣ್ಯವಾಸಿಗಳಿಗೆ ಒಡೆತನ, ಸಂಗ್ರಹ, ಬಳಕೆ ಮತ್ತು ಮಾರಾಟದ ಹಕ್ಕನ್ನು ನೀಡುತ್ತದೆ. ಬಿದಿರು, ಬೆತ್ತ, ಜೇನು, ಮೇಣ, ಅರಗು, ಔಷಧಿ ಸಸ್ಯ, ಬೇರು, ಗೆಡ್ಡೆ ಎಲ್ಲವೂ ಇದರಲ್ಲಿ ಸೇರುತ್ತವೆ. ಕಾಯ್ದೆಯ 4ನೇ ಕಲಮು ಇತರ ಕಾನೂನುಗಳಲ್ಲಿ ಏನೇ ಇದ್ದರೂ ಈ ಹಕ್ಕುಗಳು ಮಾನ್ಯವೆಂದು ಹೇಳುವುದರಿಂದ ವನ್ಯಜೀವಿ ಧಾಮ, ರಾಷ್ಟ್ರೀಯ ಉದ್ಯಾನಗಳೊಳಗೂ ಅವು ಅನ್ವಯಿಸುತ್ತವೆ. 2011ರ ಜನವರಿಯಲ್ಲಿ ಬಿಳಿಗಿರಿ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರ್ 2ರಂದು ಅಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂತಹ ಹಕ್ಕು ದೊರೆತ ಮೊದಲ ಪ್ರಕರಣಗಳಲ್ಲಿ ಇದೊಂದು. ನಮ್ಮ ಜಿಲ್ಲೆಯ ಅನೇಕ ಕೃಷಿ ಸಹಾಯಕರಿಗೆ ಈ ಸಂಗತಿ ತಿಳಿಯದಿರುವುದು ವಿಷಾದನೀಯ.

2012ರಲ್ಲಿ ತಿದ್ದುಪಡಿಯಾದ ನಿಯಮಗಳಲ್ಲಿ ಕಾರ್ಯಕರ್ತರು ನೆನಪಿಡಬೇಕಾದ ಮೂರು ಅಂಶಗಳಿವೆ. ಸಂಗ್ರಹಕ್ಕೆ ರಾಜಧನ, ಶುಲ್ಕ ಯಾವುದೂ ಇಲ್ಲ. ಸಾಗಣೆ ರಹದಾರಿಯನ್ನು ಗ್ರಾಮಸಭೆ ನೇಮಿಸಿದ ಸಮಿತಿ ಅಥವಾ ಗ್ರಾಮಸಭೆ ಅಧಿಕಾರ ನೀಡಿದ ವ್ಯಕ್ತಿ ಕೊಡಬಹುದು. ಮೊದಲಿನ ನಿಯಮಗಳಲ್ಲಿ ತಲೆಹೊರೆ, ಸೈಕಲ್, ಕೈಗಾಡಿಗಳಿಗೆ ಸೀಮಿತವಾಗಿದ್ದ ಸಾಗಣೆಯನ್ನು ಈಗ ಸೂಕ್ತ ವಾಹನದಲ್ಲಿ ಕಾಡಿನ ಒಳಗೂ ಹೊರಗೂ ಮಾಡಬಹುದು; ಸಂಸ್ಕರಣೆ, ದಾಸ್ತಾನು, ಮೌಲ್ಯವರ್ಧನೆಯೂ ಹಕ್ಕಿನ ಭಾಗ. ಹಕ್ಕುಪತ್ರ ಇನ್ನೂ ದೊರೆಯದ ಪೋಡು ಮತ್ತು ಹಾಡಿಗಳಲ್ಲಿ, ವಿಶೇಷವಾಗಿ ಗುಂಡ್ಲುಪೇಟೆ ತಾಲ್ಲೂಕಿನ ಬಂಡೀಪುರದ ಅಂಚಿನಲ್ಲಿ, ಸಮುದಾಯ ಹಕ್ಕಿಗೆ 'ಬಿ' ನಮೂನೆ ಮತ್ತು ಸಮುದಾಯ ಅರಣ್ಯ ಸಂಪನ್ಮೂಲಕ್ಕೆ 'ಸಿ' ನಮೂನೆ ಬಳಸಬೇಕು. ಹಕ್ಕು ಕೇಳುವವರಲ್ಲದ ಹಿರಿಯರ ಲಿಖಿತ ಹೇಳಿಕೆಯೂ ಸಾಕ್ಷ್ಯವಾಗುತ್ತದೆ. ಕಾಗದವಿಲ್ಲವೆಂದು ಹಿಂದೆ ಕಳುಹಿಸುವುದು ನಿಯಮಕ್ಕೆ ವಿರುದ್ಧ.

ಈ ಹಕ್ಕು ಬಯಲಿನ ರೈತರಿಗೆ ಅನ್ವಯಿಸುವುದಿಲ್ಲ. ರಹದಾರಿಯಿಲ್ಲದ ಕಾಡಿನ ಸರಕನ್ನು ಕಡಿಮೆ ಬೆಲೆಗೆ ಕೊಂಡು ತಮ್ಮ ಹೊಲದ್ದೆಂದು ಮಾರುವ ಪ್ರಸಂಗಗಳು ಉಂಟು. ಸಿಕ್ಕಿಬಿದ್ದರೆ ವಾಹನ ಮುಟ್ಟುಗೋಲಾಗುವುದಲ್ಲದೆ, ಪ್ರಾಮಾಣಿಕವಾಗಿ ನೆಲ್ಲಿ ಬೆಳೆದ ನೆರೆಯವರಿಗೂ ಸಂಶಯದ ಕಣ್ಣು ತಾಗುತ್ತದೆ. ಕೊಳ್ಳುವುದಾದರೆ ಲ್ಯಾಂಪ್ಸ್ ಅಥವಾ ಗ್ರಾಮಸಭೆಯ ಮೂಲಕ ರಹದಾರಿ ಸಹಿತ ಕೊಳ್ಳಿರಿ.

ಬೆಂಬಲ ಬೆಲೆಯ ಒಳಲೆಕ್ಕ

ಕೇಂದ್ರ ಸರ್ಕಾರವು 2013-14ರಲ್ಲಿ ಕಿರು ಅರಣ್ಯ ಉತ್ಪನ್ನಗಳಿಗೆ ಕನಿಷ್ಠ ಬೆಂಬಲ ಬೆಲೆ ಯೋಜನೆಯನ್ನು ಆರಂಭಿಸಿತು. 2020ರ ಮೇ ತಿಂಗಳ ಪರಿಷ್ಕರಣೆಯಲ್ಲಿ ಕಾಡುಜೇನಿಗೆ ಕಿಲೋಗೆ 225 ರೂ., ಬೀಜ ತೆಗೆದು ಒಣಗಿಸಿದ ನೆಲ್ಲಿಗೆ 52 ರೂ., ಒಣ ಸೀಗೆಕಾಯಿಗೆ 50 ರೂ., ಬೀಜಸಹಿತ ಹುಣಸೆಗೆ 36 ರೂ., ಬೀಜ ತೆಗೆದ ಹುಣಸೆಗೆ 63 ರೂ. ನಿಗದಿಯಾಯಿತು. ಅಂಕಿ ಕಂಡ ಕೂಡಲೆ ಸಂತೋಷಪಡುವ ಮೊದಲು ಲೆಕ್ಕ ಹಾಕಿ ನೋಡಬೇಕು.

ಹಸಿ ನೆಲ್ಲಿಯಲ್ಲಿ ಸುಮಾರು ಶೇ. 80ರಷ್ಟು ನೀರಿನಂಶವಿದೆ. ಬೀಜವನ್ನೂ ಕಳೆದರೆ 100 ಕಿಲೋ ಹಸಿಕಾಯಿಯಿಂದ 20 ಕಿಲೋಗಿಂತ ಕಡಿಮೆ ಒಣ ನೆಲ್ಲಿ ದೊರೆಯುತ್ತದೆ. 20 ಕಿಲೋ ಎಂದೇ ಹಿಡಿದರೂ 1,040 ರೂ.; ಅಂದರೆ ಹಸಿಕಾಯಿಗೆ ಕಿಲೋಗೆ ಹತ್ತು ರೂಪಾಯಿಯ ಆಸುಪಾಸು. ಇದರಲ್ಲಿ ಕಾಡಿನಿಂದ ಹೊತ್ತು ತಂದದ್ದು, ಬೇಯಿಸಿದ್ದು, ಬೀಜ ಬಿಡಿಸಿದ್ದು, ಒಣಗಿಸಿದ್ದು ಎಲ್ಲ ಸೇರಿದೆ. ಆದ್ದರಿಂದ ಹಸಿಕಾಯಿಯನ್ನು ಹತ್ತು ರೂಪಾಯಿಗಿಂತ ಹೆಚ್ಚಿಗೆ ಸ್ಥಳದಲ್ಲೇ ಕೊಳ್ಳುವವರಿದ್ದರೆ ಒಣಗಿಸುವ ಶ್ರಮ ಬೇಡ. ಉಪ್ಪಿನಕಾಯಿ, ಕ್ಯಾಂಡಿ, ಪುಡಿಯಾಗಿ ನೇರ ಬಳಕೆದಾರರಿಗೆ ಮಾರಲು ಸಾಧ್ಯವಾದಾಗ ಮಾತ್ರ ಸಂಸ್ಕರಣೆ ಲಾಭದಾಯಕ.

ಹುಣಸೆಯಲ್ಲಿ ಸಾಮಾನ್ಯವಾಗಿ ತಿರುಳು ಶೇ. 55, ಬೀಜ ಶೇ. 34, ಉಳಿದದ್ದು ಸಿಪ್ಪೆ ಮತ್ತು ನಾರು. ಸಿಪ್ಪೆ, ನಾರು ತೆಗೆದ 100 ಕಿಲೋ ಬೀಜಸಹಿತ ಹುಣಸೆಯಿಂದ ಸುಮಾರು 62 ಕಿಲೋ ತಿರುಳು ಬರುತ್ತದೆ. ಬೀಜಸಹಿತ ಮಾರಿದರೆ 3,600 ರೂ., ಬೀಜ ತೆಗೆದು ಮಾರಿದರೆ ಸುಮಾರು 3,900 ರೂ. ಕ್ವಿಂಟಾಲು ಹುಣಸೆ ಕುಟ್ಟಿ ಬೀಜ ಬಿಡಿಸಲು ಎಷ್ಟು ಹೆಣ್ಣಾಳು ಬೇಕೆಂದು ಈ ಭಾಗದ ಗೃಹಿಣಿಯರಿಗೆ ನಾನು ಹೇಳಬೇಕಾಗಿಲ್ಲ. ಬೀಜವೂ ಮಾರಾಟವಾಗುವ ವ್ಯವಸ್ಥೆ ಇದ್ದರೆ ಮಾತ್ರ ಈ ಕೆಲಸ ಗಿಟ್ಟುತ್ತದೆ. ಮೌಲ್ಯವರ್ಧನೆ ಎಂಬ ಪದವನ್ನು ನಾವು ತರಬೇತಿಗಳಲ್ಲಿ ತೀರ ಸಲೀಸಾಗಿ ಬಳಸುತ್ತೇವೆ.

ಹೆಜ್ಜೇನಿನ ತುಪ್ಪದಲ್ಲಿ ತೇವಾಂಶ ಹೆಚ್ಚು. ಹಸಿ ಮುಚ್ಚಳವಿರುವ ತಟ್ಟಿಯನ್ನು ಹಿಂಡದೆ, ಮೇಣ ಮುಚ್ಚಿ ಹಣ್ಣಾದ ಭಾಗವನ್ನಷ್ಟೇ ಕೊಯ್ದು, ಮರಿ ಇರುವ ಭಾಗವನ್ನು ಬಿಟ್ಟು, ಬಟ್ಟೆಯಲ್ಲಿ ಸೋಸಿದರೆ ಹುಳಿಯಾಗುವುದು ಕಡಿಮೆಯಾಗುತ್ತದೆ.

ಕಾಡು ಬರಿದಾಗುವುದೇ?

ಸಂಗ್ರಹದಿಂದಲೇ ಕಾಡು ನಾಶವಾಗುತ್ತದೆಂದೂ, ಸಂಗ್ರಹದಿಂದ ಯಾವ ಹಾನಿಯೂ ಇಲ್ಲವೆಂದೂ ಎರಡು ವಾದಗಳಿವೆ. ಉತ್ಪನ್ನದಿಂದ ಉತ್ಪನ್ನಕ್ಕೆ ಉತ್ತರ ಬೇರೆ. ನೆಲ್ಲಿಯಲ್ಲಿ ಕೊಂಬೆ ಕಡಿಯದೆ ಕಾಯಿ ಕೊಯ್ದರೆ ಮರಕ್ಕೆ ಅಪಾಯವಿಲ್ಲ. ಆದರೆ ಜಿಂಕೆ, ಕಡವೆಗಳು ತಿಂದು ಬೀಜ ಪ್ರಸಾರ ಮಾಡುವುದರಿಂದ ಅವುಗಳ ಪಾಲನ್ನು ಮರದಲ್ಲೂ ನೆಲದಲ್ಲೂ ಬಿಡಬೇಕು. ಬಿಳಿಗಿರಿಯಲ್ಲಿ ನೆಲ್ಲಿಗೆ ನಿಜವಾದ ಶತ್ರುಗಳು ಬಂದನಿಕೆ ಮತ್ತು ಲಂಟಾನ. ಒಮ್ಮೆ ಪೋಡೊಂದರಲ್ಲಿ ಕಡಿದ ಕೊಂಬೆಗಳನ್ನು ಕಂಡು ನಾನು ಕೊಂಬೆ ಕಡಿಯುವುದರ ದುಷ್ಪರಿಣಾಮಗಳನ್ನು ವಿವರಿಸತೊಡಗಿದೆ. ಕೊನೆಯವರೆಗೆ ಕೇಳಿಸಿಕೊಂಡ ಅಜ್ಜಿಯೊಬ್ಬರು, "ನೆಲ್ಲಿ ಕುಯ್ದಿಲ್ಲ ಸಾಮಿ, ಉಪ್ಪಿಲು ಕುಯ್ದಿರೋದು" ಎಂದರು. ಉಪ್ಪಿಲು ಎಂದರೆ ಸೋಲಿಗರ ಮಾತಿನಲ್ಲಿ ಬಂದನಿಕೆ. ಕೊಂಬೆಯನ್ನು ಎತ್ತಿ ನೋಡಿದರೆ ಅವರ ಮಾತು ನಿಜವಾಗಿತ್ತು. ಪರಾವಲಂಬಿ ಸೇರಿಕೊಂಡಿದ್ದ ಗಂಟಿನ ಕೆಳಗೆ ಅಚ್ಚುಕಟ್ಟಾಗಿ ಕತ್ತರಿಸಿದ್ದರು. ಸಂಗ್ರಹಕ್ಕೆ ಹೋದವರು ಮರ ಹತ್ತಿದಾಗ ಮಾಡುತ್ತಿದ್ದ ಈ ಕೆಲಸ ಸಂಗ್ರಹ ನಿಂತ ವರ್ಷಗಳಲ್ಲಿ ನಿಂತುಹೋಯಿತು. ಬೇಸಿಗೆಯ ಆರಂಭದಲ್ಲಿ ಸೋಲಿಗರು ಹಾಕುತ್ತಿದ್ದ ತರಗು ಬೆಂಕಿಯೂ ನಿಷೇಧದಿಂದ ನಿಂತಿತು. 1997 ಮತ್ತು 2008ರ ನಡುವೆ ಇಲ್ಲಿ ಲಂಟಾನದ ದಟ್ಟಣೆ ಬಹಳ ಹೆಚ್ಚಿತೆಂದು ಸಮೀಕ್ಷೆಗಳು ದಾಖಲಿಸಿವೆ. ಬೆಂಕಿ ನಿಂತದ್ದೇ ಇದಕ್ಕೆ ಕಾರಣವೆಂದು ಸೋಲಿಗರು ನಂಬುತ್ತಾರೆ. ವಿಜ್ಞಾನಿಗಳಲ್ಲಿ ಇನ್ನೂ ಚರ್ಚೆಯಿದೆ. ನನ್ನ ಮಟ್ಟಿಗೆ ಹಿರಿಯರ ಅನುಭವವನ್ನು ತಳ್ಳಿಹಾಕಲು ಕಾರಣ ಕಾಣುವುದಿಲ್ಲ. ಆದರೆ ಇಂದಿನ ಒಣ ಲಂಟಾನದ ನಡುವೆ ಇಟ್ಟ ಬೆಂಕಿ ಹಿಂದಿನ ತರಗು ಬೆಂಕಿಯಂತೆ ನೆಲದಲ್ಲೇ ಹರಿದು ಆರುವುದಿಲ್ಲ ಎಂಬ ಎಚ್ಚರವೂ ಅಗತ್ಯ.

ಮಾಗಳಿ ಬೇರಿನ ವಿಷಯ ಸಂಪೂರ್ಣ ಬೇರೆ. ಬೇರನ್ನೇ ಅಗೆದು ತೆಗೆಯುವುದರಿಂದ ಬಳ್ಳಿ ಸಾಯುತ್ತದೆ. ಉಪ್ಪಿನಕಾಯಿಗೆ ಬೇಡಿಕೆ ಕುಗ್ಗದಿರುವಾಗ ಇದನ್ನು ಹೊಲದಲ್ಲಿ ಬೆಳೆಯುವುದೇ ಸರಿಯಾದ ದಾರಿ. ನೀರು ನಿಲ್ಲದ ಕೆಂಪು ಮರಳುಮಿಶ್ರಿತ ಮಣ್ಣು ಸೂಕ್ತ. ಬೀಜದ ಮೊಳಕೆ ಶಕ್ತಿ ಬೇಗ ಕುಂದುವುದರಿಂದ ತಾಜಾ ಬೀಜವನ್ನೇ ಬಳಸಿ ಸಸಿ ಮಾಡಿಕೊಳ್ಳಬೇಕು. ಬಳ್ಳಿಗೆ ಆಸರೆ ಬೇಕು.

ಉಮ್ಮತ್ತೂರು ಭಾಗದ ಒಣಭೂಮಿಗೆ ನೆಲ್ಲಿ ಯೋಗ್ಯವಾದ ಬೆಳೆ. ಕಸಿ ಸಸಿಗಳನ್ನು 8 × 8 ಮೀಟರ್ ಅಂತರದಲ್ಲಿ ಎಕರೆಗೆ ಸುಮಾರು 62ರಂತೆ ನಾಟಿ ಮಾಡಬಹುದು. ಒಂದೇ ತಳಿಯನ್ನು ಹಾಕಿದರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ, ಎನ್.ಎ.-7, ಕೃಷ್ಣ, ಕಾಂಚನ, ಚಕೈಯ ತಳಿಗಳಲ್ಲಿ ಕನಿಷ್ಠ ಎರಡನ್ನು ಮಿಶ್ರ ಮಾಡಬೇಕು. ಮೊದಲ ವರ್ಷಗಳಲ್ಲಿ ಸಾಲುಗಳ ನಡುವೆ ಹುರುಳಿ, ಅಲಸಂದೆ, ನೆಲಗಡಲೆ ಬೆಳೆದುಕೊಳ್ಳಬಹುದು. ನಾಟಿ ಮಾಡಿದ ವರ್ಷವೇ ಪಹಣಿಯಲ್ಲಿ ನಮೂದಿಸಿ. ಫಸಲು ಬರುವ ನಾಲ್ಕನೇ ವರ್ಷದಲ್ಲಿ ಗ್ರಾಮ ಆಡಳಿತಾಧಿಕಾರಿಯ ಕಚೇರಿಗೆ ಓಡಾಡುವುದು ತಪ್ಪುತ್ತದೆ. ಸಸಿ ಮತ್ತು ತಳಿಗಳ ಲಭ್ಯತೆಯನ್ನು ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ತಾಲ್ಲೂಕು ತೋಟಗಾರಿಕೆ ಕಚೇರಿಯಲ್ಲಿ ಮಳೆಗಾಲಕ್ಕೆ ಮೊದಲೇ ವಿಚಾರಿಸಿಕೊಳ್ಳುವುದು.