ಬೋರ್ಡು ಬರೆಸಿದ್ದಾಯಿತು, ಬಾಗಿಲು ತೆಗೆಯುವವರು ಯಾರು?

ರಕ್ತದಾನಿಗಳ ಬಳಗ ಕಟ್ಟಿಕೊಂಡ ನಮ್ಮ ಹುಡುಗರಿಗೆ ಈಗೊಂದು ಹೊಸ ಹುಮ್ಮಸ್ಸು. ಬಳಗಕ್ಕೊಂದು ವೆಬ್‌ಸೈಟ್ ಬೇಕಂತೆ! ಬೇಡ ಅಂದವರು ಯಾರು? ಜೇಬಿನಲ್ಲಿ ಮೊಬೈಲಿರುವ ಕಾಲ. ಕಷ್ಟ ಬಂದಾಗ ಜನ ಮೊದಲು ಹುಡುಕುವುದು ಅಲ್ಲೇ. ಆದರೆ ಸ್ವಾಮಿ, ಮದುವೆ ಮಾಡಿದಷ್ಟು ಸುಲಭವಲ್ಲ ಸಂಸಾರ ನಡೆಸುವುದು. ವೆಬ್‌ಸೈಟಿನ ಕಥೆಯೂ ಅಷ್ಟೇ.

ಹೀಗೆ ಯೋಚಿಸಿ ನೋಡಿ. ರಾತ್ರಿ ಹನ್ನೊಂದು ಗಂಟೆ. ಆಸ್ಪತ್ರೆಯಲ್ಲಿ ಬಾಣಂತಿಯೊಬ್ಬಳಿಗೆ ತುರ್ತಾಗಿ ರಕ್ತ ಬೇಕು. ಹಳ್ಳಿಯಿಂದ ಬಂದ ಗಂಡ ಮೊಬೈಲಿನಲ್ಲಿ ಹುಡುಕುತ್ತಾನೆ. ಬಳಗದ ವೆಬ್‌ಸೈಟ್ ಸಿಗುತ್ತದೆ. ಅಧ್ಯಕ್ಷರ ಫೋಟೋ, ಶಾಲು ಹೊದಿಸಿದ ಫೋಟೋ, ರಿಬ್ಬನ್ ಕತ್ತರಿಸಿದ ಫೋಟೋ ಸಾಲಾಗಿ ಬರುತ್ತವೆ. ಕೆಳಗೆಲ್ಲೋ ಒಂದು ನಂಬರು. ಕರೆ ಮಾಡಿದರೆ ಅದು ಚಾಲ್ತಿಯಲ್ಲೇ ಇಲ್ಲ! ಈ ವೆಬ್‌ಸೈಟೇ ಇಲ್ಲದಿದ್ದರೆ ಅವನು ಬೇರೆ ಕಡೆ ಓಡುತ್ತಿದ್ದ. ಬೋರ್ಡು ನಂಬಿ ಹೊತ್ತು ಕಳೆದುಕೊಂಡ. ಇದಕ್ಕೆ ಯಾರನ್ನು ಕೇಳೋಣ?

ಮಾಡುವುದು ಕಷ್ಟವಲ್ಲ

ವೆಬ್‌ಸೈಟ್ ಅಂದರೆ ಏನೋ ಮಹಾ ವಿದ್ಯೆ ಅಂತ ಹೆದರಬೇಕಾಗಿಲ್ಲ. ಜಿನೀವಾ ಬಳಿಯ ಸರ್ನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ 1991ರಲ್ಲಿ ಹೊರಗಿನವರಿಗೂ ತೋರಿಸಿದ ಜಗತ್ತಿನ ಮೊದಲ ವೆಬ್‌ಸೈಟ್ ಬರೀ ಅಕ್ಷರಗಳದ್ದು. ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಕೊಂಡಿ, ಅಷ್ಟೇ. 1993ರಲ್ಲಿ ಆ ಸಂಸ್ಥೆ ಈ ವಿದ್ಯೆಯನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಿಕೊಳ್ಳಿ ಎಂದು ಬಿಟ್ಟುಕೊಟ್ಟಿತು. ಅಂದಮೇಲೆ ನಮ್ಮ ಹುಡುಗರು ಯಾಕೆ ಅಂಜಬೇಕು?

ಅಂಗಡಿ ಲೆಕ್ಕದಲ್ಲಿ ಹೇಳುವುದಾದರೆ ಬೇಕಾದ್ದು ಮೂರು: ಮಳಿಗೆ, ಬೋರ್ಡು, ಸರಕು. ಪುಟಗಳನ್ನು ಇಡುವ ಜಾಗ ಮಳಿಗೆ. ಇದಕ್ಕೆ ಹೋಸ್ಟಿಂಗ್ ಅಂತಾರೆ. ವಿಳಾಸದ ಹೆಸರು ಬೋರ್ಡು. ಅದಕ್ಕೆ ಡೊಮೈನ್ ಅಂತಾರೆ. ಬರೆದು ಹಾಕುವ ವಿಷಯವೇ ಸರಕು. ಹೊಸಬರಿಗೆ ಗೂಗಲ್ ಸೈಟ್ಸ್ ಧಾರಾಳ ಸಾಕು. ಜಿಮೇಲ್ ಖಾತೆ ಇದ್ದರೆ ಬಾಡಿಗೆಯಿಲ್ಲದ ಮಳಿಗೆ ಸಿಕ್ಕಂತೆ. ಕೋಡ್ ಬರೆಯುವ ಗೋಜಿಲ್ಲ. ಒಂದು ಭಾನುವಾರ ಕೂತರೆ ಪುಟ ನಿಲ್ಲುತ್ತದೆ.

ವಿಳಾಸ ಉದ್ದವಾಯಿತು, ಸ್ವಂತ ಹೆಸರೇ ಬೇಕು ಅನ್ನುತ್ತೀರಾ? ಡಾಟ್ ಇನ್ ಅಥವಾ ಡಾಟ್ ಆರ್ಗ್ ಹೆಸರನ್ನು ವರ್ಷಕ್ಕಿಷ್ಟು ಎಂದು ಹಣ ಕಟ್ಟಿ ಪಡೆಯಬಹುದು. ನೆನಪಿಡಿ, ಇದು ಕ್ರಯಕ್ಕೆ ಕೊಂಡ ಸೈಟಲ್ಲ, ಬಾಡಿಗೆ ಮನೆ. ಟ್ರೇಡ್ ಲೈಸೆನ್ಸಿನ ಹಾಗೆ ನವೀಕರಣ ಆಗುತ್ತಿರಬೇಕು. ಮರೆತರೆ ಆ ಹೆಸರನ್ನು ಬೇರೆಯವರು ಹಿಡಿಯಬಹುದು. ರಕ್ತದಾನಿಗಳ ಹೆಸರಿನ ಪುಟದಲ್ಲಿ ನಾಳೆ ಜೂಜಿನ ಜಾಹೀರಾತು ಕಂಡರೂ ಆಶ್ಚರ್ಯವಿಲ್ಲ!

ಸರಕು ಏನಿರಬೇಕು?

ಪುಟ ತೆರೆದ ಕೂಡಲೇ ಕಾಣಬೇಕಾದ್ದು ಫೋನ್ ನಂಬರು. ಒಂದಲ್ಲ, ಎರಡು. ಯಾವ ಹೊತ್ತಿಗೆ ಯಾರು ಸಿಗುತ್ತಾರೆ, ಯಾವ ಊರುಗಳ ತನಕ ಬರುತ್ತಾರೆ ಎಂಬುದು ಅದರ ಪಕ್ಕದಲ್ಲೇ ಇರಲಿ. ಆಮೇಲೆ ಯಾರು ರಕ್ತ ಕೊಡಬಹುದು ಎಂಬ ನಾಲ್ಕು ಸಾಲು: ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕೆ.ಜಿ., ಒಮ್ಮೆ ಕೊಟ್ಟ ಮೇಲೆ ಗಂಡಸರಿಗೆ ಮೂರು ತಿಂಗಳು, ಹೆಂಗಸರಿಗೆ ನಾಲ್ಕು ತಿಂಗಳು ಬಿಡುವು. ಕೊನೆಯ ಮಾತು ವೈದ್ಯರದ್ದು. ಯಾವ ರಕ್ತನಿಧಿಯಲ್ಲಿ ಯಾವ ಗುಂಪಿನ ರಕ್ತ ಎಷ್ಟಿದೆ ಎಂದು ತೋರಿಸುವ ಸರ್ಕಾರದ 'ಇ-ರಕ್ತಕೋಶ'ಕ್ಕೂ ಒಂದು ಕೊಂಡಿ ಹಾಕಿ. ಶಾಲು, ಹಾರ ಎಲ್ಲ ಕಡೆಯ ಪುಟಕ್ಕೆ ಹೋಗಲಿ. ಮೊಬೈಲಿನಲ್ಲಿ ತೆಗೆದ ದಪ್ಪ ದಪ್ಪ ಫೋಟೋಗಳನ್ನು ಹಾಗೇ ತುಂಬಿದರೆ ಹಳ್ಳಿಯ ಸಿಗ್ನಲ್ಲಿನಲ್ಲಿ ಪುಟ ತೆರೆಯುವಷ್ಟರಲ್ಲಿ ಬೆಳಗಾದೀತು.

ಕನ್ನಡದ್ದೂ ಒಂದು ಮಾತು. ಕರಪತ್ರಕ್ಕೆಂದು ಡಿ.ಟಿ.ಪಿ. ಅಂಗಡಿಯಲ್ಲಿ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿಸಿದ್ದನ್ನು ತಂದು ಅಂಟಿಸಿದರೆ ನೋಡುವವರಿಗೆ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಯುನಿಕೋಡ್‌ನಲ್ಲೇ ಟೈಪ್ ಮಾಡಬೇಕು. ಮೊಬೈಲಿನ ಕನ್ನಡ ಕೀಲಿಮಣೆಯಲ್ಲಿ ಬರುವುದು ಅದೇ. ಪೋಸ್ಟರಿನ ಫೋಟೋ ಹಾಕಿ ಕೈತೊಳೆದುಕೊಳ್ಳಬೇಡಿ. ಅಕ್ಷರವಾಗಿ ಬರೆದ ನಂಬರನ್ನು ಹೆಚ್ಚಿನ ಮೊಬೈಲುಗಳಲ್ಲಿ ಒತ್ತಿದರೆ ಸಾಕು, ಕರೆ ಹೋಗುತ್ತದೆ. ಚಿತ್ರದೊಳಗಿನ ನಂಬರಾದರೆ ಗಾಬರಿಯಲ್ಲಿರುವವರು ಒಂದೊಂದೇ ಅಂಕೆ ನೋಡಿ ಒತ್ತುತ್ತಾ ಕೂರಬೇಕು.

ಇನ್ನು, ದಾನಿಗಳ ಹೆಸರು, ನಂಬರುಗಳ ಪಟ್ಟಿಯನ್ನು ಮಾತ್ರ ಪುಟದಲ್ಲಿ ಹಾಕಲೇಬಾರದು. ರಕ್ತ ಮಾರುವ ದಂಧೆ ನಿಲ್ಲಿಸಿ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿತು; 1998ರಿಂದ ಅದಕ್ಕೆ ನಿಷೇಧವಿದೆ. ಆದರೂ ಪಟ್ಟಿ ಬೀದಿಗೆ ಬಿದ್ದರೆ ದಲ್ಲಾಳಿಗಳ ಕೈಗೆ ಸಿಗುವುದಿಲ್ಲವೆಂದು ಏನು ಭರವಸೆ? ಹೆಣ್ಣುಮಕ್ಕಳ ನಂಬರು ಪೋಕರಿಗಳ ಪಾಲಾದರೆ ಅವರು ಮತ್ತೆ ದಾನಕ್ಕೆ ಬರುತ್ತಾರೆಯೇ? ಪಟ್ಟಿ ಬಳಗದ ಪುಸ್ತಕದಲ್ಲಿರಲಿ. ಕರೆ ಬಂದಾಗ ಬಳಗದವರೇ ದಾನಿಯನ್ನು ಕೇಳಿ ಕಳಿಸಲಿ.

ಕೀಲಿಕೈ ಯಾರ ಬಳಿ?

ಎಲ್ಲಕ್ಕಿಂತ ದೊಡ್ಡ ತಕರಾರು ಇದು. ಕಂಪ್ಯೂಟರು ಬಲ್ಲ ಹುಡುಗನೊಬ್ಬ ಉತ್ಸಾಹದಿಂದ ತನ್ನ ಸ್ವಂತ ಜಿಮೇಲಿನಲ್ಲೇ ಎಲ್ಲ ಮಾಡಿಕೊಡುತ್ತಾನೆ. ವರ್ಷ ಕಳೆಯುವುದರಲ್ಲಿ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ. ಅವನ ಜೊತೆ ಪಾಸ್‌ವರ್ಡೂ ಬಸ್ಸು ಹತ್ತುತ್ತದೆ! ಆಮೇಲೆ ನಂಬರು ಬದಲಾದರೆ ತಿದ್ದುವವರಿಲ್ಲ. ಅವನದೇನೂ ತಪ್ಪಿಲ್ಲ. ಬಳಗದ ಹೆಸರಿನಲ್ಲಿ ಒಂದು ಜಿಮೇಲ್ ಖಾತೆ ತೆರೆದು, ಇಬ್ಬರು ಮೂವರಿಗೆ ತಿದ್ದುವ ಅಧಿಕಾರ ಕೊಟ್ಟು, ಪಾಸ್‌ವರ್ಡನ್ನು ಕಾರ್ಯದರ್ಶಿಯ ಬೀರುವಿನಲ್ಲಿ ಬರೆದಿಟ್ಟಿದ್ದರೆ ಈ ಫಜೀತಿಯೇ ಇಲ್ಲ. ಡೊಮೈನೂ ಅಷ್ಟೇ, ಬಳಗದ ಹೆಸರಿನಲ್ಲೇ ಇರಬೇಕು.

ಆದ್ದರಿಂದ ಅಂಗಡಿಯ ಯಜಮಾನರೇ, ನಾಳೆ ಹುಡುಗರು ರಶೀದಿ ಪುಸ್ತಕ ಹಿಡಿದು "ಅಣ್ಣಾ, ವೆಬ್‌ಸೈಟಿಗೆ ಚಂದಾ" ಅಂತ ಬಂದರೆ ಬೈದು ಕಳಿಸಬೇಡಿ. ಮೂರೇ ಮೂರು ಪ್ರಶ್ನೆ ಕೇಳಿ. "ಯಾರ ಹೆಸರಲ್ಲಿ ಮಾಡ್ತೀರಪ್ಪಾ? ಪಾಸ್‌ವರ್ಡು ಎಲ್ಲಿ ಬರೆದಿಟ್ಟಿದ್ದೀರಿ? ತಿಂಗಳಿಗೊಮ್ಮೆ ಆ ನಂಬರಿಗೆ ಫೋನ್ ಮಾಡಿ ನೋಡೋರು ಯಾರು?" ಮೂರಕ್ಕೂ ಸರಿಯಾದ ಉತ್ತರ ಬಂದರೆ ಗಲ್ಲಾ ತೆಗೆಯಿರಿ, ಕೈಬಿಚ್ಚಿ ಕೊಡಿ. ಬರದಿದ್ದರೆ ಚಹಾ ಕುಡಿಸಿ, ಉತ್ತರ ಹುಡುಕಿಕೊಂಡು ಬನ್ನಿ ಅಂತ ಹೇಳಿ ಕಳಿಸಿ.