ವಿಕಲಚೇತನರೂ ಸಾಹಸಕ್ರೀಡೆಯೂ

ಶಾಲಾ ಪ್ರವಾಸದಲ್ಲಿ ಸಹಪಾಠಿಗಳು ಕೋಟೆಯ ಬುರುಜನ್ನೇರುವಾಗ ಊರುಗೋಲಿನ ಬಾಲಕನು ಕೆಳಗೆ ಬುತ್ತಿಗಂಟು ಕಾಯುತ್ತ ಕುಳಿತಿರುವುದು ಅಪರೂಪದ ನೋಟವಲ್ಲ. ಸಾಹಸವು ಪೂರ್ಣಾಂಗರ ಸೊತ್ತೆಂಬ ಭಾವನೆಯೇ ಇದಕ್ಕೆ ಕಾರಣ. 2001ರ ಮೇ 25ರಂದು ಅಮೆರಿಕದ ಅಂಧ ಪರ್ವತಾರೋಹಿ ಎರಿಕ್ ವೈಹೆನ್‌ಮೇಯರ್ ಎವರೆಸ್ಟ್ ಶಿಖರವನ್ನೇರಿದರು. ಮುಂದೆ ನಡೆದವರ ಗಂಟೆಯ ನಾದವೇ ಅವರಿಗೆ ದಾರಿ ತೋರಿತು. ಒಂದು ಗಂಟೆಗೆ ತಗಲುವ ವೆಚ್ಚವಾದರೂ ಎಷ್ಟು!

ಕಲಬುರಗಿಯ ತೊಡಕು ಬೇರೆ. ಇಲ್ಲಿರುವುದು ಹಿಮವಲ್ಲ, ಎರೆಮಣ್ಣು. ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಅಂಟುವ ಈ ನೆಲದಲ್ಲಿ ಗಾಲಿಕುರ್ಚಿಯ ಮುಂದಿನ ಕಿರುಗಾಲಿಗಳೇ ಮೊದಲು ಸಿಕ್ಕಿಬೀಳುತ್ತವೆ. ಅವುಗಳನ್ನು ನೆಲದಿಂದ ಮೇಲೆತ್ತಿ, ಮುಂಭಾಗದಲ್ಲಿ ದೊಡ್ಡದಾದ ಒಂದೇ ಗಾಲಿಯನ್ನು ಜೋಡಿಸಿದರೆ ಕುರ್ಚಿಯು ಕಾಲುದಾರಿಯಲ್ಲಿಯೂ ಸಾಗುತ್ತದೆ. ಹಸಿ ಎರೆಯಲ್ಲಿ ಇದೂ ಸೋಲುವುದರಿಂದ ಋತುವನ್ನರಿತು ಹೊರಡಬೇಕು.

ಕ್ರೀಡಾ ಕಾರ್ಯಕ್ರಮಗಳನ್ನು ಎಲ್ಲರೂ ಪಾಲ್ಗೊಳ್ಳುವಂತೆ ಪುನಾರಚಿಸಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 30ನೆಯ ಪ್ರಕರಣವೇ ವಿಧಿಸಿದೆ. ಹೀಗಿರುವಾಗ ಅಂಧ ವಿದ್ಯಾರ್ಥಿಯನ್ನು ಮನೆಯಲ್ಲಿ ಬಿಟ್ಟು ಹೋಗುವುದು ನ್ಯಾಯವಲ್ಲ. ಲಾರಿಗಳ ಹೆದ್ದಾರಿಯನ್ನು ತೊರೆದು ಒಳದಾರಿ ಹಿಡಿದರೆ ಕಮಲಾಪುರದ ಕೆಂಪು ಬಾಳೆಯ ತೋಟಗಳವರೆಗೆ ಅವನೂ ಜೋಡಿ ಸೈಕಲ್ಲಿನಲ್ಲಿ ಹೋಗಬಲ್ಲನು: ಮುಂದೆ ಕುಳಿತವನು ದಾರಿ ನೋಡುತ್ತಾನೆ, ತುಳಿತ ಇಬ್ಬರದು.